ಮುಚ್ಚಿಟ್ಟ ಹೆಸರು: ಫ್ಲ್ಯಾನರಿ ಓಕಾನರ್ ಬದುಕು

ಇಂಗ್ಲಿಷ್ ಸಾಹಿತ್ಯ ಓದುವ ಗೆಳೆಯರಿಗೆ ಫ್ಲ್ಯಾನರಿ ಓಕಾನರ್ ಹೆಸರು ಹೊಸದಲ್ಲ. ಅಮೆರಿಕದ ದೊಡ್ಡ ಕತೆಗಾರ್ತಿ. ನನ್ನಂಥ ಇಂಜಿನಿಯರಿಂಗ್ ಮಂದಿಗೆ ಈಕೆ ಸಿಗೋದು ಕಷ್ಟ. ನನಗಂತೂ ಸಿಕ್ಕಿದ್ದು ಸಾಹಿತ್ಯದ ದಾರಿಯಲ್ಲಲ್ಲ, ರಕ್ತಪರೀಕ್ಷೆಯ ದಾರಿಯಲ್ಲಿ. ನನ್ನ ಎಂ.ಎಸ್ಸಿ. ಪ್ರಾಜೆಕ್ಟು ಲೂಪಸ್ ರೋಗಿಗಳ ರಕ್ತದಲ್ಲಿ ಕಾಣಿಸುವ ಆಂಟಿಬಾಡಿಗಳ ಮೇಲೆ. ಲ್ಯಾಪ್‌ಟಾಪಿನಲ್ಲಿ ಉದ್ದಕ್ಕೂ ಸಾಲುಗಳು, ಒಂದೊಂದು ಸಾಲೂ ಒಬ್ಬ ರೋಗಿ, ಯಾರಿಗೂ ಹೆಸರಿಲ್ಲ. ಈ ಕಾಯಿಲೆ ಜೊತೆ ಬದುಕಿದ ಒಬ್ಬರಾದರೂ ಹೆಸರಿರುವ ಮನುಷ್ಯರು ಬೇಕು ಅನ್ನಿಸಿ ಹುಡುಕಿದಾಗ ಈಕೆ ಎದುರಾದಳು. ಕಾಯಿಲೆ ಹಿಡಿದಾಗ ಆಕೆಗೆ 25 ವರ್ಷ, ನನಗಿಂತ ಒಂದು ವರ್ಷ ದೊಡ್ಡವಳು. ಅದಕ್ಕೇ ಏಕವಚನ, ಹಿರಿಯರು ಕ್ಷಮಿಸಬೇಕು.

ಹುಟ್ಟಿದ್ದು 1925ರ ಮಾರ್ಚ್ 25ರಂದು, ಜಾರ್ಜಿಯಾ ರಾಜ್ಯದ ಸವಾನಾ ಎಂಬ ಬಂದರು ಊರಿನಲ್ಲಿ. ಪೂರ್ತಿ ಹೆಸರು ಮೇರಿ ಫ್ಲ್ಯಾನರಿ ಓಕಾನರ್. ಅಪ್ಪ ಎಡ್ವರ್ಡ್, ಅಮ್ಮ ರೆಜೀನಾ, ಒಬ್ಬಳೇ ಮಗಳು. ಐರಿಷ್ ಮೂಲದ ಕ್ಯಾಥೊಲಿಕ್ ಮನೆತನ, ಆ ರಾಜ್ಯದಲ್ಲೋ ಎಲ್ಲೆಲ್ಲೂ ಪ್ರಾಟೆಸ್ಟೆಂಟರು. ಹಾಗಾಗಿ ಹುಟ್ಟಿದ ಊರಲ್ಲೇ ಸ್ವಲ್ಪ ಹೊರಗಿನವಳು. ಚಿಕ್ಕವಳಿದ್ದಾಗ ಒಂದು ಕೋಳಿಗೆ ಹಿಂದಕ್ಕೆ ನಡೆಯೋದನ್ನು ಕಲಿಸಿದ್ದಳು. ಆ ಕಾಲದಲ್ಲಿ ಸಿನಿಮಾ ಶುರುವಾಗುವ ಮುಂಚೆ ಸುದ್ದಿ ತುಣುಕು ತೋರಿಸುತ್ತಿದ್ದ ಪಾಥೆ ಕಂಪನಿಯವರು ಕ್ಯಾಮೆರಾ ತಂದು ಆ ಕೋಳಿಯನ್ನು ಚಿತ್ರೀಕರಿಸಿಕೊಂಡು ಹೋದರು. ಅಲ್ಲಿಂದಾಚೆಗಿನ ತನ್ನ ಬದುಕೆಲ್ಲ ಇಳಿಜಾರು ಅಂತ ದೊಡ್ಡವಳಾದ ಮೇಲೆ ತಮಾಷೆ ಮಾಡುತ್ತಿದ್ದಳು.

ಅಪ್ಪನಿಗೆ 1937ರಲ್ಲಿ ಲೂಪಸ್ ಅಂತ ಗೊತ್ತಾಯಿತು. ಆಗ ಅದಕ್ಕೆ ಔಷಧಿ ಅನ್ನುವಂಥದ್ದು ಇರಲಿಲ್ಲ. ಸಂಸಾರ ಕೊನೆಗೆ ಅಮ್ಮನ ತವರಾದ ಮಿಲೆಜ್‌ವಿಲ್ ಎಂಬ ಸಣ್ಣ ಪಟ್ಟಣ ಸೇರಿತು. 1941ರ ಫೆಬ್ರವರಿ 1ರಂದು ಎಡ್ವರ್ಡ್ ತೀರಿಕೊಂಡರು, ವಯಸ್ಸು 45. ಮಗಳಿಗೆ ಇನ್ನೂ 16 ತುಂಬಿರಲಿಲ್ಲ. ಅಪ್ಪ ಅಂದರೆ ಆಕೆಗೆ ಪ್ರಾಣ. ಆಮೇಲೆ ಬರೆದ ಅಷ್ಟೊಂದು ಕತೆಗಳಲ್ಲಿ ಹಟಮಾರಿ ಅಮ್ಮಂದಿರು ಸಾಲುಸಾಲಾಗಿ ಬರುತ್ತಾರೆ, ಒಳ್ಳೆಯ ಅಪ್ಪ ಮಾತ್ರ ಬಹಳ ಅಪರೂಪ.

ಊರಿನಲ್ಲೇ ಇದ್ದ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಸಮಾಜಶಾಸ್ತ್ರ ಓದಿ 1945ರಲ್ಲಿ ಡಿಗ್ರಿ ಮುಗಿಸಿದಳು. ಕಾಲೇಜು ಪತ್ರಿಕೆಗೆ ವ್ಯಂಗ್ಯಚಿತ್ರ ಬರೆಯುತ್ತಿದ್ದಳು. ಸ್ಕಾಲರ್‌ಶಿಪ್ ಸಿಕ್ಕಿ ದೂರದ ಅಯೋವಾ ವಿಶ್ವವಿದ್ಯಾಲಯಕ್ಕೆ ಹೋಗಿದ್ದು ಪತ್ರಿಕೋದ್ಯಮ ಕಲಿಯೋಕೆ. ಹೋದ ಸ್ವಲ್ಪ ದಿನಕ್ಕೇ, ತನ್ನ ಜಾಗ ಇದಲ್ಲ ಅನ್ನಿಸಿ ಅಲ್ಲಿನ ರೈಟರ್ಸ್ ವರ್ಕ್‌ಶಾಪ್ ನಡೆಸುತ್ತಿದ್ದ ಪಾಲ್ ಎಂಗಲ್ ಅವರ ಕೋಣೆಗೆ ಹೋದಳು. ಆಕೆ ಏನೋ ಹೇಳಿದಳು, ಅವರಿಗೆ ಒಂದಕ್ಷರ ತಿಳಿಯಲಿಲ್ಲ. ಜಾರ್ಜಿಯಾದ ಉಚ್ಚಾರಣೆ ಅಷ್ಟು ಗಟ್ಟಿ. ಕೊನೆಗೆ ಅವರು ಕಾಗದ ಕೊಟ್ಟು ಬರೆದು ತೋರಿಸು ಅಂದರಂತೆ. ತಾನು ಪತ್ರಕರ್ತೆ ಅಲ್ಲ, ಕತೆ ಬರೆಯೋದು ಕಲಿಯಬೇಕು ಅಂತ ಬರೆದುಕೊಟ್ಟಳು. ಅದೇ ದೇಶದವಳು, ಅದೇ ಭಾಷೆ, ಆದರೂ ಈ ಪಾಡು. ಸ್ಟಾಕ್‌ಪೋರ್ಟ್‌ಗೆ ಬಂದ ಮೊದಲ ವಾರ ಬಸ್ ಡ್ರೈವರ್ ಎದುರು ಕಕ್ಕಾಬಿಕ್ಕಿಯಾಗಿ ನಿಂತ ನಮಗೆಲ್ಲ ಇದು ಅರ್ಥವಾಗುತ್ತೆ. ಅಯೋವಾದಲ್ಲೇ ಹೆಸರಿನ ಮುಂದಿನ ಮೇರಿಯನ್ನು ಕೈಬಿಟ್ಟಳು. ಮೊದಲ ಕತೆ ‘ದಿ ಜಿರೇನಿಯಮ್’ 1946ರಲ್ಲಿ ಅಚ್ಚಾಯಿತು: ಮಗಳ ಜೊತೆ ಇರಲು ನ್ಯೂಯಾರ್ಕಿಗೆ ಬಂದು, ಊರಿನ ಹಂಬಲದಲ್ಲಿ ಕೊರಗುವ ಒಬ್ಬ ಮುದುಕನ ಕತೆ. ಮುಂದಿನ ವರ್ಷ ಎಂ.ಎಫ್.ಎ. ಪದವಿ ಬಂತು.

ಆಮೇಲಿನ ಮೂರು ವರ್ಷ ಆಕೆಗೆ ಬೇಕಾದ ಬದುಕು. ಮೊದಲು ಲೇಖಕರಿಗಾಗಿಯೇ ಇರುವ ಯಾಡೋ ಎಂಬ ಆಶ್ರಯತಾಣ, ಆಮೇಲೆ ನ್ಯೂಯಾರ್ಕ್. 1949ರಿಂದ ಕನೆಕ್ಟಿಕಟ್ ರಾಜ್ಯದ ರಿಡ್ಜ್‌ಫೀಲ್ಡ್‌ನಲ್ಲಿ ಕವಿ ರಾಬರ್ಟ್ ಫಿಟ್ಸ್‌ಜೆರಾಲ್ಡ್ ಮತ್ತು ಅವರ ಹೆಂಡತಿ ಸ್ಯಾಲಿ ಅವರ ಮನೆ. ಗ್ಯಾರೇಜಿನ ಮೇಲಿನ ಕೋಣೆಯಲ್ಲಿ ಈಕೆಯ ವಾಸ. ಬೆಳಿಗ್ಗೆಯೆಲ್ಲ ‘ವೈಸ್ ಬ್ಲಡ್’ ಕಾದಂಬರಿ ಬರೆಯೋದು, ಸಂಜೆ ಆ ದಂಪತಿ ಜೊತೆ ಊಟ, ಹರಟೆ. ಇನ್ನು ಊರಿಗೆ ವಾಪಸ್ ಹೋಗುವ ಮಾತಿಲ್ಲ ಅಂದುಕೊಂಡಿದ್ದಳು. ಊರು ಬಿಟ್ಟರೇ ಬರವಣಿಗೆ ಅನ್ನೋದು ಆಗಿನ ಅವಳ ನಂಬಿಕೆ.

1950ರ ಡಿಸೆಂಬರ್. ಟೈಪ್ ಮಾಡುವಾಗ ತೋಳುಗಳು ಭಾರವಾಗತೊಡಗಿದವು. ಕೀಲುವಾತ ಇರಬಹುದು ಅಂದರು ಅಲ್ಲಿಯ ಡಾಕ್ಟರು. ಕ್ರಿಸ್‌ಮಸ್‌ಗೆ ಊರಿಗೆ ಹೋಗುವ ರೈಲು ಹತ್ತಿದಳು. ದಾರಿಯಲ್ಲೇ ಜ್ವರ ಏರಿ, ಇಳಿಯುವ ಹೊತ್ತಿಗೆ ಸೋದರಮಾವನಿಗೆ ಗುರುತೇ ಸಿಗದಷ್ಟು ಬಸವಳಿದಿದ್ದಳು. ಊರಿನ ಆಸ್ಪತ್ರೆ, ಅಲ್ಲಿಂದ ಅಟ್ಲಾಂಟಾದ ಎಮೊರಿ ಆಸ್ಪತ್ರೆ. ಅಲ್ಲಿ ಡಾ. ಆರ್ಥರ್ ಮೆರಿಲ್ ಕಾಯಿಲೆಗೆ ಹೆಸರಿಟ್ಟರು: ಲೂಪಸ್. ಹತ್ತು ವರ್ಷದ ಹಿಂದೆ ಅಪ್ಪನನ್ನು ತಿಂದ ಅದೇ ಕಾಯಿಲೆ.

ಇಲ್ಲಿ ಕತೆ ಸ್ವಲ್ಪ ನಿಲ್ಲಿಸಿ ಆ ಕಾಯಿಲೆ ಏನು ಅಂತ ಹೇಳಬೇಕು, ಯಾಕಂದ್ರೆ ನನಗೆ ನಿಜಕ್ಕೂ ಗೊತ್ತಿರೋದು ಇದೊಂದೇ. ಲೂಪಸ್ ಅಂದರೆ ಲ್ಯಾಟಿನ್‌ನಲ್ಲಿ ತೋಳ. ಹಳೆಯ ಕಾಲದವರು ಮುಖದ ಹುಣ್ಣುಗಳನ್ನು ನೋಡಿ ತೋಳ ಕಚ್ಚಿದ ಹಾಗಿದೆ ಅಂತ ಇಟ್ಟ ಹೆಸರು. ನಮ್ಮ ಮೈಯಲ್ಲಿ ಹೊರಗಿನಿಂದ ಬರುವ ರೋಗಾಣುಗಳನ್ನು ಹಿಡಿಯಲು ಆಂಟಿಬಾಡಿಗಳು, ಅಂದರೆ ಪ್ರತಿಕಾಯಗಳು ಇರುತ್ತವೆ. ಒಂದೊಂದು ಆಂಟಿಬಾಡಿಯೂ ಒಂದೊಂದು ಗುರುತನ್ನು ಮಾತ್ರ ಹಿಡಿಯುತ್ತದೆ. ಆ ಗುರುತಿಗೆ ಆಂಟಿಜೆನ್ ಅಂತಾರೆ. ಲೂಪಸ್‌ನಲ್ಲಿ ಬೇಲಿಯೇ ಎದ್ದು ಹೊಲ ಮೇಯುತ್ತೆ. ಆಂಟಿಬಾಡಿಗಳು ನಮ್ಮದೇ ಜೀವಕೋಶದ ವಸ್ತುಗಳನ್ನು ಶತ್ರು ಅಂತ ಹಿಡಿಯುತ್ತವೆ. ಅದೂ ಕೋಶದ ತೀರ ಒಳಮನೆಯಾದ ನ್ಯೂಕ್ಲಿಯಸ್ಸಿನಲ್ಲಿರುವ ಡಿಎನ್ಎ, ಡಿಎನ್ಎ ಸುತ್ತಿಕೊಂಡಿರುವ ಹಿಸ್ಟೋನ್ ಪ್ರೋಟೀನು, ಇಂಥವನ್ನು. ಒಳಮನೆಯ ಸಾಮಾನು ಬೀದಿಯ ಕಾವಲುಗಾರನ ಕಣ್ಣಿಗೆ ಬೀಳೋದು ಹೇಗೆ? ದಿನಾ ಲೆಕ್ಕವಿಲ್ಲದಷ್ಟು ಕೋಶಗಳು ಸಾಯುತ್ತಿರುತ್ತವೆ. ಅವುಗಳ ಚೂರುಗಳನ್ನು ಮೈ ಬೇಗ ಬಾಚಿಕೊಂಡುಬಿಡಬೇಕು. ಲೂಪಸ್‌ನಲ್ಲಿ ಈ ಬಾಚುವ ಕೆಲಸ ನಿಧಾನ. ಬೆಂಗಳೂರಿನಲ್ಲಿ ವಾರವಿಡೀ ಕಸದ ಗಾಡಿ ಬರದ ಬೀದಿ ನೆನೆಸಿಕೊಳ್ಳಿ. ಆಂಟಿಬಾಡಿ ಮತ್ತು ಡಿಎನ್ಎ ಅಂಟಿಕೊಂಡ ಗಂಟುಗಳು ರಕ್ತದಲ್ಲಿ ತೇಲುತ್ತಾ ಹೋಗಿ ಮೂತ್ರಪಿಂಡದ ಜರಡಿಯಲ್ಲಿ ಸಿಕ್ಕಿಕೊಳ್ಳುತ್ತವೆ. ಅಲ್ಲಿ ಉರಿ ಶುರುವಾಗುತ್ತೆ. ಕೀಲು, ಚರ್ಮ, ಹೃದಯದ ಹೊದಿಕೆ, ಯಾವುದನ್ನೂ ಬಿಡುವುದಿಲ್ಲ.

ಫ್ಲ್ಯಾನರಿಗೆ ಕಾಯಿಲೆ ಬಂದಾಗ ಇದರಲ್ಲಿ ಮುಕ್ಕಾಲು ಪಾಲು ಯಾರಿಗೂ ಗೊತ್ತಿರಲಿಲ್ಲ. 1948ರಲ್ಲಷ್ಟೇ ಮೇಯೊ ಕ್ಲಿನಿಕ್‌ನ ಮ್ಯಾಲ್ಕಮ್ ಹಾರ್ಗ್ರೇವ್ಸ್ ಮತ್ತು ಸಂಗಡಿಗರು ಲೂಪಸ್ ರೋಗಿಗಳ ಅಸ್ಥಿಮಜ್ಜೆಯಲ್ಲಿ ಒಂದು ವಿಚಿತ್ರ ಕಂಡಿದ್ದರು: ಒಂದು ಬಿಳಿ ರಕ್ತಕಣ ಇನ್ನೊಂದು ಕೋಶದ ನ್ಯೂಕ್ಲಿಯಸ್ಸನ್ನು ಇಡಿಯಾಗಿ ನುಂಗಿ ಕೂತಿತ್ತು. ಅದಕ್ಕೆ ಎಲ್.ಇ. ಸೆಲ್ ಅಂತ ಹೆಸರಾಯಿತು. ಡಿಎನ್ಎಯನ್ನೇ ಹಿಡಿಯುವ ಆಂಟಿಬಾಡಿಗಳು ಈ ರೋಗಿಗಳ ರಕ್ತದಲ್ಲಿವೆ ಅಂತ ಬೇರೆಬೇರೆ ತಂಡಗಳು ತೋರಿಸಿದ್ದು 1957ರಲ್ಲಿ.

ಔಷಧಿ ಮಾತ್ರ ಅದೇ ತಾನೇ ಬಂದಿತ್ತು, ಅದು ಆಕೆಯ ಪುಣ್ಯ. ಸ್ಟಿರಾಯ್ಡ್ ಹಾರ್ಮೋನುಗಳ ಮೇಲಿನ ಕೆಲಸಕ್ಕೆ ಹೆಂಚ್, ಕೆಂಡಲ್, ರೈಕ್‌ಸ್ಟೈನ್ ಮೂವರಿಗೆ ನೊಬೆಲ್ ಸಿಕ್ಕಿದ್ದು ಅದೇ 1950ರಲ್ಲಿ. ಫ್ಲ್ಯಾನರಿಗೆ ಕೊಟ್ಟಿದ್ದು ಎಸಿಟಿಎಚ್ ಎಂಬ ಇಂಜೆಕ್ಷನ್. ಕಸಾಯಿಖಾನೆಯ ಹಂದಿಗಳ ಪಿಟ್ಯುಟರಿ ಗ್ರಂಥಿಯಿಂದ ತೆಗೆದದ್ದು. ಅದು ಮೈಯೊಳಗೆ ಹೋಗಿ ನಮ್ಮದೇ ಸ್ಟಿರಾಯ್ಡ್ ಜಾಸ್ತಿ ಸುರಿಯುವಂತೆ ಮಾಡುತ್ತೆ, ಕೆರಳಿದ ಕಾವಲುಪಡೆ ತಣ್ಣಗಾಗುತ್ತೆ. ತಾನು ಉಳಿದಿರೋದು ಹಂದಿಗಳ ಋಣದಲ್ಲಿ ಅನ್ನುವ ಅರ್ಥದಲ್ಲಿ ಆಕೆ ಗೆಳೆಯರಿಗೆ ಬರೆಯುತ್ತಿದ್ದಳು. ಅಪ್ಪನಿಗೆ ಈ ಋಣ ಸಿಗಲಿಲ್ಲ, ಹತ್ತೇ ವರ್ಷದ ಅಂತರ. ಔಷಧಿಯ ಬೆಲೆ ಬೇರೆ ರೀತಿಯಲ್ಲೂ ತೆರಬೇಕಾಯಿತು: ಮುಖ ಊದಿತು, ಕೂದಲು ಉದುರಿತು. ಆಸ್ಪತ್ರೆಗೂ ಮನೆಗೂ ಓಡಾಡುತ್ತಲೇ ಕಾದಂಬರಿ ತಿದ್ದಿದಳು. ‘ವೈಸ್ ಬ್ಲಡ್’ 1952ರ ಮೇ ತಿಂಗಳಲ್ಲಿ ಹೊರಬಂತು.

ಆದರೆ ಈ ಹೊತ್ತಿಗೂ ತನಗೆ ಲೂಪಸ್ ಅಂತ ಆಕೆಗೆ ಗೊತ್ತಿಲ್ಲ.

ಅಮ್ಮ ರೆಜೀನಾ ಡಾಕ್ಟರ ಮಾತು ಕೇಳಿದ ದಿನವೇ ನಿರ್ಧರಿಸಿದ್ದರು. ಅಪ್ಪ ಹೋದ ಕಾಯಿಲೆಯೇ ತನಗೂ ಬಂದಿದೆ ಅಂತ ಗೊತ್ತಾದರೆ, ಈ ನಿತ್ರಾಣದಲ್ಲಿ ಮಗಳು ತಡೆದುಕೊಳ್ಳೋದಿಲ್ಲ ಅಂತ. ಹಾಗಾಗಿ ಮಗಳಿಗೆ ಹೇಳಿದ್ದು ಕೀಲುವಾತ. ಫಿಟ್ಸ್‌ಜೆರಾಲ್ಡ್ ದಂಪತಿಗೆ ನಿಜ ತಿಳಿಸಿದರು, ಗುಟ್ಟು ಬಿಡಬಾರದು ಅಂತ ಮಾತು ತೆಗೆದುಕೊಂಡರು. ಒಂದೂವರೆ ವರ್ಷ ಎಲ್ಲರೂ ಆ ಮಾತು ಉಳಿಸಿಕೊಂಡರು. ಅಷ್ಟೂ ದಿನ ಫ್ಲ್ಯಾನರಿ ಗೆಳೆಯರಿಗೆ ತನ್ನ ಕೀಲುವಾತದ ಬಗ್ಗೆ ಕಾಗದ ಬರೆಯುತ್ತಿದ್ದಳು, ಗುಣವಾದ ಮೇಲೆ ಕನೆಕ್ಟಿಕಟ್‌ಗೆ ವಾಪಸ್ ಹೋಗುವ ಯೋಜನೆ ಹಾಕುತ್ತಿದ್ದಳು.

ರೆಜೀನಾರನ್ನು ಬೈಯೋದು ಸುಲಭ. ನನಗೆ ಆಗೋದಿಲ್ಲ. ಅವರು ಮಾಡಿದ್ದು ನಮ್ಮ ಮನೆಗಳಲ್ಲಿ ನಡೆಯೋದೇ. ನನ್ನ ದೊಡ್ಡಪ್ಪನಿಗೆ ಬೈಪಾಸ್ ಆಪರೇಷನ್ ಆಗಿ ಹದಿನೈದು ದಿನವಾದ ಮೇಲೆ ನನಗೆ ಗೊತ್ತಾಯಿತು, ಯಾಕಂದ್ರೆ ನನಗೆ ಪರೀಕ್ಷೆ ಇತ್ತು. ಆ ಹದಿನೈದು ದಿನವೂ ವಾಟ್ಸಾಪ್ ಕಾಲ್‌ನಲ್ಲಿ ಎಲ್ಲರೂ ಚೆನ್ನಾಗಿದ್ದರು, ಊಟವಾಯ್ತಾ ಅಂತ ಕೇಳುತ್ತಿದ್ದರು. ಅಜ್ಜಿಗೆ ಕ್ಯಾನ್ಸರ್ ಅಂದರೆ ಮನೆಯಲ್ಲಿ ಅದು ಬರೀ ಗಡ್ಡೆ. ಪ್ರೀತಿ ಇಲ್ಲದವರು ಹೀಗೆ ಮಾಡೋದಿಲ್ಲ. ಆದರೆ ಮುಚ್ಚಿಟ್ಟಿದ್ದನ್ನು ಮೈಯೇ ಹೇಳುತ್ತಿರುತ್ತಲ್ಲ, ಆಗ ಏನು ಮಾಡೋದು? ಫ್ಲ್ಯಾನರಿ ಅಪ್ಪನ ಕಾಯಿಲೆಯನ್ನು ಕಣ್ಣಾರೆ ಕಂಡವಳು. ತನ್ನಲ್ಲೂ ಅದೇ ಲಕ್ಷಣ ನೋಡಿ ಒಳಗೊಳಗೇ ಅನುಮಾನ ಬಂದಿತ್ತು, ಆದರೆ ಸುತ್ತಲಿನವರೆಲ್ಲ ಬೇರೆಯೇ ಹೇಳುವಾಗ ತನಗೇ ಭ್ರಮೆ ಇರಬೇಕು ಅಂದುಕೊಂಡಿದ್ದಳು.

1952ರ ಬೇಸಿಗೆಯಲ್ಲಿ ರಿಡ್ಜ್‌ಫೀಲ್ಡ್‌ಗೆ ಬಂದಳು. ಒಂದು ದಿನ ಕಾರಿನಲ್ಲಿ ಬರುವಾಗ ಎಂದಿನಂತೆ ಕೀಲುವಾತದ ಮಾತು ತೆಗೆದಳು. ಸ್ಯಾಲಿಗೆ ಇನ್ನು ಸಾಧ್ಯವಾಗಲಿಲ್ಲ. ಕೊಟ್ಟ ಮಾತು ಮುರಿದು, ಇದು ಕೀಲುವಾತ ಅಲ್ಲ, ಲೂಪಸ್ ಅಂತ ಹೇಳಿಬಿಟ್ಟರು. ಫ್ಲ್ಯಾನರಿ ಅದು ಒಳ್ಳೆಯ ಸುದ್ದಿಯೇನಲ್ಲ ಅಂದಳು, ಹೇಳಿದ್ದಕ್ಕೆ ಥ್ಯಾಂಕ್ಸ್ ಕೂಡ ಹೇಳಿದಳು. ತಲೆ ಕೆಟ್ಟಿಲ್ಲ, ಕಾಯಿಲೆ ಅಷ್ಟೇ ಅನ್ನೋದು ಗೊತ್ತಾಗಿದ್ದೇ ಆಕೆಗೆ ನಿರಾಳ. ಸ್ಯಾಲಿ ಮಾಡಿದ್ದು ಸರಿ ಅಂತ ನನ್ನ ಅಭಿಪ್ರಾಯ. ಯಾಕಂದ್ರೆ ಆಮೇಲೆ ಆಕೆ ಮಾಡಿದ ಕೆಲಸ ನೋಡಿ. ಉತ್ತರಕ್ಕೆ ವಾಪಸ್ ಹೋಗುವ ಕನಸನ್ನು ಮಡಿಸಿಟ್ಟಳು. ಇರುವ ಶಕ್ತಿ ಎಷ್ಟು ಅಂತ ಲೆಕ್ಕ ಹಾಕಿದಳು. ಅದೇ ವರ್ಷ ನವಿಲು ತರಿಸಿದಳು.

ಹೌದು, ನವಿಲು. ನಮ್ಮ ದೇಶದಿಂದಲೇ ಜಗತ್ತಿಗೆ ಹೋದ ಹಕ್ಕಿ. ಮಿಲೆಜ್‌ವಿಲ್‌ನಿಂದ ನಾಲ್ಕು ಮೈಲಿ ಆಚೆ ಆಂಡಲೂಸಿಯಾ ಎಂಬ 544 ಎಕರೆಯ ಹೈನುಗಾರಿಕೆ ತೋಟದಲ್ಲಿ ಅಮ್ಮ ಮಗಳ ವಾಸ. ಪತ್ರಿಕೆಯಲ್ಲಿ ಜಾಹೀರಾತು ನೋಡಿ ಫ್ಲಾರಿಡಾದಿಂದ ಒಂದು ಜೋಡಿ ನವಿಲು, ನಾಲ್ಕು ಮರಿ ರೈಲಿನಲ್ಲಿ ತರಿಸಿದಳು. ಅವು ಬೆಳೆದು ಬೆಳೆದು ನಲವತ್ತರ ಹತ್ತಿರ ಆದವು. ರೆಜೀನಾರ ಹೂವಿನ ಗಿಡಗಳನ್ನೆಲ್ಲ ತಿಂದವು. ಈ ಬಗ್ಗೆ ಆಕೆ 1961ರಲ್ಲಿ ಬರೆದ ಪ್ರಬಂಧ ಬಹಳ ಚೆನ್ನಾಗಿದೆ. ಕತೆಗಳ ಕಗ್ಗತ್ತಲು ನೋಡಿ ಹೆದರುವವರು ಅಲ್ಲಿಂದ ಶುರು ಮಾಡಬಹುದು.

ದಿನಚರಿ ಹೀಗಿತ್ತು. ಬೆಳಿಗ್ಗೆ ಚರ್ಚಿಗೆ ಹೋಗಿ ಬಂದು ಎರಡು ಮೂರು ಗಂಟೆ ಬರವಣಿಗೆ, ಅಷ್ಟೇ. ಮೆಟ್ಟಿಲು ಹತ್ತಲಾಗದ್ದಕ್ಕೆ ಕೆಳಗಿನ ಕೋಣೆಯಲ್ಲೇ ಮಂಚ, ಮೇಜು, ಟೈಪ್‌ರೈಟರ್. ಮಿಕ್ಕ ಹೊತ್ತು ಸುಸ್ತು, ಕಾಗದ, ಹಕ್ಕಿಗಳು. ಹೀಗೆ ಗಂಟೆಗಳನ್ನು ಕೂಡಿಸಿ ‘ಎ ಗುಡ್ ಮ್ಯಾನ್ ಈಸ್ ಹಾರ್ಡ್ ಟು ಫೈಂಡ್’ ಸಂಕಲನ 1955ರಲ್ಲಿ, ಎರಡನೇ ಕಾದಂಬರಿ 1960ರಲ್ಲಿ ತಂದಳು. ಸೊಂಟದ ಮೂಳೆ ಕೆಟ್ಟು 1955ರಿಂದ ಊರುಗೋಲು. ಸ್ಟಿರಾಯ್ಡ್‌ನಿಂದ ಮೂಳೆಗೆ ಪೆಟ್ಟು ಬೀಳೋದು ಇವತ್ತಿಗೂ ಇದೆ. ಆ ಊರುಗೋಲಿನಲ್ಲೇ ಕಾಲೇಜು ಕಾಲೇಜು ಸುತ್ತಿ ಅರವತ್ತಕ್ಕೂ ಹೆಚ್ಚು ಉಪನ್ಯಾಸ ಕೊಟ್ಟಳು. 1958ರಲ್ಲಿ ಬಂಧುವೊಬ್ಬರ ಒತ್ತಾಯಕ್ಕೆ ಫ್ರಾನ್ಸ್‌ನ ಲೂರ್ದ್ ಯಾತ್ರೆಗೆ ಹೋದಳು. ನಮ್ಮವರು ಹರಕೆ ಹೊತ್ತು ಹೋಗುವಂಥ ಜಾಗ, ಅಲ್ಲಿಯ ನೀರಿನಲ್ಲಿ ಮಿಂದರೆ ಕಾಯಿಲೆ ವಾಸಿ ಅಂತ ನಂಬಿಕೆ. ಆಕೆ ದೈವಭಕ್ತೆ, ಆದರೂ ಅರೆಮನಸ್ಸಿನಿಂದಲೇ ಮಿಂದಳು. ಬೇಡಿಕೊಂಡಿದ್ದು ಮೂಳೆಗಾಗಿ ಅಲ್ಲ, ಮುಗಿಯದೆ ಉಳಿದಿದ್ದ ಕಾದಂಬರಿಗಾಗಿ.

ಬಿಸಿಲಿಗೆ ಹೋಗಬಾರದು ಅನ್ನೋದು ಇನ್ನೊಂದು ಕಟ್ಟಳೆ. ಜಾರ್ಜಿಯಾದಲ್ಲಿ ಬಿಸಿಲು ತಪ್ಪಿಸಿಕೊಳ್ಳೋದು ಅಂದರೆ ಕಲಬುರಗಿಯಲ್ಲಿ ತಪ್ಪಿಸಿಕೊಂಡ ಹಾಗೆ. ಇದಕ್ಕೂ ಆಂಟಿಜೆನ್‌ಗೂ ಸಂಬಂಧವಿದೆ. ಬಿಸಿಲಿನ ನೇರಳಾತೀತ ಕಿರಣ ತಗುಲಿ ಚರ್ಮದ ಕೋಶ ಸಾಯುವಾಗ ಒಳಗಿನ ರೋ ಎಂಬ ಪ್ರೋಟೀನು ಕೋಶದ ಮೇಲ್ಮೈಗೆ ಬರುತ್ತೆ. ಅದಕ್ಕೇ ಕಾದಿರುವ ಆಂಟಿಬಾಡಿ ಹೋಗಿ ಕಚ್ಚಿಕೊಳ್ಳುತ್ತೆ. ಸ್ಟಾಕ್‌ಪೋರ್ಟ್ ಒಂದು ಕಾಲಕ್ಕೆ ಟೋಪಿ ಮಾಡುವುದರಲ್ಲಿ ಹೆಸರಾದ ಊರು, ಇಲ್ಲಿಯ ಫುಟ್‌ಬಾಲ್ ತಂಡವನ್ನು ಈಗಲೂ ಹ್ಯಾಟರ್ಸ್ ಅಂತಲೇ ಕರೆಯೋದು. ಇಲ್ಲಿಯ ಮೋಡ ನೋಡಿದರೆ ಟೋಪಿ ಯಾಕೆ ಬೇಕು ಅನ್ನಿಸುತ್ತೆ. ಆದರೆ ಲೂಪಸ್ ಇರುವವರಿಗೆ ಈ ಮೋಡವೂ ಪೂರ್ತಿ ರಕ್ಷಣೆಯಲ್ಲ, ಕಿರಣ ತೂರಿ ಬರುತ್ತೆ.

ಆಕೆಯ ಬಗ್ಗೆ ಒಳ್ಳೆಯದನ್ನೇ ಬರೆದು ಮುಗಿಸಲು ಆಗೋದಿಲ್ಲ. ಕತೆಗಳಲ್ಲಿ ಬಿಳಿಯರ ಜಂಬವನ್ನು ನಿರ್ದಯವಾಗಿ ಗೇಲಿ ಮಾಡಿದವಳು, ಖಾಸಗಿ ಕಾಗದಗಳಲ್ಲಿ ಕಪ್ಪು ಜನರ ಬಗ್ಗೆ ಓದಲಾಗದ ಮಾತು ಬರೆದಿದ್ದಾಳೆ. ಲೇಖಕ ಜೇಮ್ಸ್ ಬಾಲ್ಡ್‌ವಿನ್ ಅವರನ್ನು ಜಾರ್ಜಿಯಾದಲ್ಲಿ ಭೇಟಿಯಾಗಲು ಒಪ್ಪಲಿಲ್ಲ. 2020ರಲ್ಲಿ ಮೇರಿಲ್ಯಾಂಡ್‌ನ ಲೊಯೊಲಾ ವಿಶ್ವವಿದ್ಯಾಲಯ ಹಾಸ್ಟೆಲ್ ಕಟ್ಟಡದಿಂದ ಆಕೆಯ ಹೆಸರು ತೆಗೆಯಿತು. ಕಾಯಿಲೆ ಇತ್ತು ಅನ್ನೋದು ಇದಕ್ಕೆ ಸಮಜಾಯಿಷಿ ಆಗೋದಿಲ್ಲ. ಲೂಪಸ್ ಅತಿ ಹೆಚ್ಚು ಕಾಡುವವರಲ್ಲಿ ಅದೇ ಕಪ್ಪು ಹೆಣ್ಣುಮಕ್ಕಳು ಇದ್ದಾರೆ. ನಮ್ಮ ಪಕ್ಕದ ಬರ್ಮಿಂಗ್‌ಹ್ಯಾಮ್‌ನಲ್ಲೇ 1990ರ ದಶಕದಲ್ಲಿ ಎಣಿಸಿ ನೋಡಿದಾಗ ಆಫ್ರೋ-ಕೆರಿಬಿಯನ್ ಹೆಂಗಸರಲ್ಲಿ ಎಲ್ಲರಿಗಿಂತ ಹೆಚ್ಚು, ನಮ್ಮ ಕಡೆಯ ಏಷ್ಯನ್ ಹೆಂಗಸರಲ್ಲೂ ಬಿಳಿಯರಿಗಿಂತ ಹೆಚ್ಚು ಕಂಡುಬಂತು. ಹತ್ತು ರೋಗಿಗಳಲ್ಲಿ ಒಂಬತ್ತು ಹೆಂಗಸರು, ಬಹುತೇಕ ಶುರುವಾಗೋದು ನಮ್ಮ ವಯಸ್ಸಿನ ಆಸುಪಾಸಿನಲ್ಲಿ. ಕೀಲುನೋವು, ಬಿಡದ ಸುಸ್ತು, ಬಿಸಿಲಿಗೆ ಹೋದರೆ ಕೆನ್ನೆ ಮೇಲೆ ಚಿಟ್ಟೆಯಾಕಾರದ ಕೆಂಪು, ಇವು ಒಟ್ಟಿಗೇ ಬಂದರೆ ಓದಿನ ಒತ್ತಡ ಅಂತ ತಳ್ಳಿಹಾಕದೆ ಜಿಪಿ ಹತ್ತಿರ ಹೋಗಿ.

ಈಗಿನ ರಿಪೋರ್ಟಿನಲ್ಲಿ ಮೊದಲು ಬರೋದು ಎಎನ್ಎ, ಅಂದರೆ ನ್ಯೂಕ್ಲಿಯಸ್ ವಿರುದ್ಧ ಯಾವುದಾದರೂ ಆಂಟಿಬಾಡಿ ಇದೆಯಾ ಅನ್ನುವ ಪರೀಕ್ಷೆ. ಆರೋಗ್ಯವಂತರಲ್ಲೂ ಕೆಲವರಿಗೆ ಇದು ಪಾಸಿಟಿವ್ ಬರುತ್ತೆ, ಅದೊಂದನ್ನೇ ಗೂಗಲ್ ಮಾಡಿ ಹೆದರಬೇಕಾಗಿಲ್ಲ. ಆಮೇಲೆ ಗುರಿಯ ಹೆಸರುಗಳು: ಡಿಎನ್ಎ, ಎಸ್ಎಂ, ರೋ, ಲಾ. ಎಸ್ಎಂ ಎಲ್ಲ ರೋಗಿಗಳಲ್ಲೂ ಸಿಗೋದಿಲ್ಲ, ಸಿಕ್ಕರೆ ಲೂಪಸ್ ಅನ್ನೋದು ಬಹುತೇಕ ಖಚಿತ. ಕೊನೆಯ ಮೂರೂ ರೋಗಿಗಳ ಹೆಸರಿನ ಮೊದಲಕ್ಷರಗಳು ಅಂತ ತಿಳಿದ ದಿನ ನಾನು ನನ್ನ ಸ್ಪ್ರೆಡ್‌ಶೀಟನ್ನು ಬೇರೆ ಥರ ನೋಡಿದೆ. ಹೆಸರಿಲ್ಲದ ಸಾಲುಗಳ ಮೇಲಿನ ತಲೆಬರಹವೇ ಮನುಷ್ಯರ ಹೆಸರು. 1979ರಲ್ಲಿ ಯೇಲ್‌ನ ಲರ್ನರ್ ಮತ್ತು ಜೋನ್ ಸ್ಟೈಟ್ಜ್ ಇಂಥ ರೋಗಿಗಳ ಆಂಟಿಬಾಡಿಗಳನ್ನೇ ಗಾಳದ ಹಾಗೆ ಬಳಸಿ, ಕೋಶದೊಳಗೆ ಆರ್‌ಎನ್ಎಯ ಬೇಡದ ತುಂಡು ಕತ್ತರಿಸಿ ಬೇಕಾದ್ದನ್ನು ಹೊಲಿಯುವ ಯಂತ್ರದ ಭಾಗಗಳನ್ನು ಹಿಡಿದರು. ಅಮೆರಿಕದ ಸೈನಿಕರ ಹಳೆಯ ರಕ್ತದ ಮಾದರಿಗಳನ್ನು ತೆಗೆದು ನೋಡಿದ 2003ರ ಅಧ್ಯಯನದಲ್ಲಿ, ಮುಂದೆ ಲೂಪಸ್ ಬಂದ 130 ಜನರ ಪೈಕಿ 115 ಜನರ ರಕ್ತದಲ್ಲಿ ಕಾಯಿಲೆ ಪತ್ತೆಯಾಗುವ ಮೊದಲೇ ಒಂದಲ್ಲ ಒಂದು ಆಂಟಿಬಾಡಿ ಇತ್ತು, ಕೆಲವರಲ್ಲಿ ಒಂಬತ್ತು ವರ್ಷ ಮೊದಲೇ.

1964ರ ಫೆಬ್ರವರಿಯಲ್ಲಿ ಫ್ಲ್ಯಾನರಿಗೆ ಗರ್ಭಕೋಶದ ಗಡ್ಡೆಯ ಆಪರೇಷನ್ ಮಾಡಲೇಬೇಕಾಯಿತು. ಆಪರೇಷನ್ ಚೆನ್ನಾಗೇ ಆಯಿತು, ಆದರೆ ಸುಮ್ಮನಿದ್ದ ಲೂಪಸ್ ಎದ್ದು ಕೂತಿತು. ಮೂತ್ರಪಿಂಡಗಳು ಸೋಲತೊಡಗಿದವು. ಕೆಲಸ ಮಾಡಬೇಡ ಅಂದರೆ ಅಂತ ಆಸ್ಪತ್ರೆಯಲ್ಲಿ ಹಸ್ತಪ್ರತಿಯನ್ನು ದಿಂಬಿನ ಕೆಳಗೆ ಬಚ್ಚಿಟ್ಟುಕೊಂಡು ಬರೆದಳು. ಮೊದಲ ಕತೆಯ ಮುದುಕನನ್ನೇ ಮತ್ತೆ ಎಬ್ಬಿಸಿ ‘ಜಡ್ಜ್‌ಮೆಂಟ್ ಡೇ’ ಅಂತ ಹೊಸದಾಗಿ ಬರೆದಳು. ಈ ಸಲ ಅವನು ಏನಾದರಾಗಲಿ ಜಾರ್ಜಿಯಾಗೆ ಹೋಗಿಯೇ ತೀರುತ್ತೇನೆ ಅಂತ ಹೊರಡುತ್ತಾನೆ.

ಆಗಸ್ಟ್ 3ರಂದು ಮಿಲೆಜ್‌ವಿಲ್ ಆಸ್ಪತ್ರೆಯಲ್ಲಿ ತೀರಿಕೊಂಡಳು. ಅಪ್ಪನ ಪಕ್ಕದಲ್ಲೇ ಮಣ್ಣು ಮಾಡಿದರು. ಕೊನೆಯ ಕತೆಗಳ ಪುಸ್ತಕ ಮುಂದಿನ ವರ್ಷ ಬಂತು. ಸಮಗ್ರ ಕತೆಗಳಿಗೆ 1972ರಲ್ಲಿ ನ್ಯಾಷನಲ್ ಬುಕ್ ಅವಾರ್ಡ್ ಸಿಕ್ಕಿತು. ಕಾಗದಗಳನ್ನು ಆಯ್ದು 1979ರಲ್ಲಿ ಪುಸ್ತಕ ಮಾಡಿದ್ದು ಅದೇ ಸ್ಯಾಲಿ. ರೆಜೀನಾ ತೋಟ ಬಿಟ್ಟು ಊರೊಳಗಿನ ಮನೆಗೆ ಹೋದರು, ನವಿಲುಗಳನ್ನು ಹಂಚಿಬಿಟ್ಟರು. ಮಗಳು ಹೋದ ಮೇಲೂ 31 ವರ್ಷ ಬದುಕಿ, 1995ರಲ್ಲಿ 99ರ ವಯಸ್ಸಿನಲ್ಲಿ ಕಣ್ಣು ಮುಚ್ಚಿದರು.